‘ಧಾತು ಬರದಾಗ ಕಾರು ಇತ್ತೇನ್ಲಾ?’: ಕಡಬ ಕೆರೆ ಏರಿ ಮೇಲೆ ನಾನು ಸೋತ ಒಂದು ವಾದ

ಕಳೆದ ದಸರಾ ರಜೆಯಲ್ಲಿ ಊರಿಗೆ ಹೋಗಿದ್ದೆ. ಊರು ಅಂದ್ರೆ ಗುಬ್ಬಿ ತಾಲ್ಲೂಕಿನ ಕಡಬ. ಬೆಂಗಳೂರಲ್ಲಿ ಕಡಬ ಅಂದ ತಕ್ಷಣ ಎಲ್ಲರೂ ದಕ್ಷಿಣ ಕನ್ನಡದ ಕಡಬ ಅಂದ್ಕೋತಾರೆ. ನಮ್ಮದು ಅದಲ್ಲ. ದೇವರಾಯನದುರ್ಗದ ಕಡೆ ಹುಟ್ಟಿ ಹರಿದು ಬರುವ ಶಿಂಷಾ ನದಿ ದೊಡ್ಡ ಕೆರೆಯಾಗಿ ನಿಲ್ಲುತ್ತದಲ್ಲ, ಆ ಕಡಬ.

ಸಂಜೆ ಕೆರೆ ಏರಿ ಮೇಲೆ ನಾನು, ದೊಡ್ಡಪ್ಪ, ದೊಡ್ಡಪ್ಪನ ಮಗ ಮೂವರೂ ನಡೀತಾ ಇದ್ವಿ. ತಮ್ಮ ತುಮಕೂರಲ್ಲಿ ಡಿಗ್ರಿ ಓದ್ತಾನೆ. ಅವನ ವಾಟ್ಸಾಪಿಗೆ ಒಂದು ವಿಡಿಯೋ ಬಂದಿತ್ತು. ಹವಾಮಾನ ಬದಲಾವಣೆ ಅನ್ನೋದೇ ದೊಡ್ಡ ನಾಟಕ, ಭಾರತ ಉದ್ಧಾರ ಆಗದಂತೆ ತಡೆಯೋಕೆ ಬಿಳಿಯರು ಹೂಡಿರೋ ಆಟ ಅನ್ನೋದು ಅದರ ಸಾರಾಂಶ. ನನಗೆ ರೇಗಿತು. ಐಪಿಸಿಸಿ, ಪ್ಯಾರಿಸ್ ಒಪ್ಪಂದ, 1.5 ಡಿಗ್ರಿ ಅಂತ ಬೆಂಗಳೂರಿನ ಸಭೆಗಳಲ್ಲಿ ಕೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ನಮ್ಮ ಕೆರೆ 2023ರಲ್ಲಿ ಬತ್ತಿದ್ದಕ್ಕೂ ಅದೇ ಕಾರಣ ಅಂದುಬಿಟ್ಟೆ.

ದೊಡ್ಡಪ್ಪ ಅಲ್ಲಿವರೆಗೂ ಸುಮ್ಮನಿದ್ದವರು ಒಂದೇ ಮಾತು ಕೇಳಿದರು. “ಧಾತು ಬರದಾಗ ಕಾರು ಇತ್ತೇನ್ಲಾ?”

ತಮ್ಮ ಗಹಗಹಿಸಿ ನಕ್ಕ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ವಾದದಲ್ಲಿ ಸೋತೆ. ಬಸ್ಸಲ್ಲಿ ವಾಪಸ್ ಬರುವಾಗ ಅನ್ನಿಸಿತು: ಸೋತಿದ್ದು ವಿಜ್ಞಾನ ಅಲ್ಲ, ನನ್ನ ವಾದದ ರೀತಿ. ಎರಡು ಬೇರೆ ಬೇರೆ ಪ್ರಶ್ನೆಗಳನ್ನು ನಾನೇ ಕಲಸಿ ಒಂದೇ ಉಂಡೆ ಮಾಡಿದ್ದೆ. ನಮ್ಮಲ್ಲಿ ಈ ವಿಷಯದ ಮೇಲೆ ನಡೆಯೋ ಬಹುಪಾಲು ಜಗಳಗಳು ಹೀಗೇ ಕೆಡುತ್ತವೆ. ಅದಕ್ಕೇ ಈ ಬರಹ.

ಎರಡು ಪ್ರಶ್ನೆ, ಒಂದೇ ಉಂಡೆ

ಮೊದಲ ಪ್ರಶ್ನೆ: ಭೂಮಿ ಬಿಸಿಯಾಗ್ತಾ ಇದೆಯಾ, ಆಗ್ತಿದ್ದರೆ ಅದಕ್ಕೆ ಮನುಷ್ಯರು ಕಾರಣವಾ?

ಎರಡನೇ ಪ್ರಶ್ನೆ: ನಮ್ಮೂರಿನ ಈ ಬರ, ಈ ಪ್ರವಾಹ, ಈ ಬತ್ತಿದ ಕೆರೆ ಅದರಿಂದಲೇ ಆಯ್ತಾ?

ಮೊದಲನೆಯದಕ್ಕೆ ಉತ್ತರ ಗಟ್ಟಿಯಾಗಿದೆ. ಎರಡನೆಯದಕ್ಕೆ ಪ್ರತಿ ಊರಿಗೂ, ಪ್ರತಿ ಘಟನೆಗೂ ಬೇರೆ ಬೇರೆ ಲೆಕ್ಕ ಹಾಕಬೇಕು. ಉತ್ತರ ಕೆಲವು ಸಲ ‘ಹೌದು’, ಕೆಲವು ಸಲ ‘ಸ್ವಲ್ಪ’, ಕೆಲವು ಸಲ ‘ಇಲ್ಲ’.

ಎರಡನ್ನೂ ಕಲಸಿದರೆ ಎರಡು ಥರದ ಜನಕ್ಕೆ ಲಾಭ. ಎರಡನೇ ಪ್ರಶ್ನೆಯಲ್ಲಿರುವ ಅನುಮಾನ ತೋರಿಸಿ ಮೊದಲನೆಯದನ್ನೇ ಸುಳ್ಳು ಅನ್ನುವವರು ಒಂದು ಕಡೆ. ತಮ್ಮನ ಮೊಬೈಲಲ್ಲಿದ್ದ ವಿಡಿಯೋ ಮಾಡಿದ್ದು ಅದನ್ನೇ. ಮೊದಲನೆಯದರಲ್ಲಿರುವ ಖಚಿತತೆ ತೋರಿಸಿ ಎರಡನೆಯದರಿಂದ ನುಣುಚಿಕೊಳ್ಳುವವರು ಇನ್ನೊಂದು ಕಡೆ. “ಹವಾಮಾನ ಬದಲಾವಣೆ ಸ್ವಾಮಿ, ನಾವೇನು ಮಾಡೋಕಾಗುತ್ತೆ?” ಅಂತ ಕೈ ಚೆಲ್ಲೋ ಅಧಿಕಾರಿಗಳು, ಜನಪ್ರತಿನಿಧಿಗಳು ಈ ಗುಂಪಿನವರು. ಮೊದಲನೆಯವರನ್ನು ನಾವು ಬೇಗ ಗುರುತಿಸ್ತೀವಿ. ಎರಡನೆಯವರನ್ನು ನಮ್ಮವರೇ ಅಂದ್ಕೊಂಡು ಚಪ್ಪಾಳೆ ತಟ್ಟಿಬಿಡ್ತೀವಿ.

ಧಾತು ಬರ ಏನು ಹೇಳುತ್ತೆ?

ಮೊದಲು ದೊಡ್ಡಪ್ಪನ ಪ್ರಶ್ನೆಗೇ ಬರೋಣ. ಧಾತು ಸಂವತ್ಸರದ ಬರ ಅಂದ್ರೆ 1876ರಿಂದ 78ರವರೆಗಿನ ಮಹಾ ಕ್ಷಾಮ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಇವತ್ತಿಗೂ ನಮ್ಮ ಕಡೆ ಹಿರಿಯರ ಬಾಯಲ್ಲಿ ಆ ಬರದ ಹೆಸರು ಉಳಿದಿದ್ದರೆ ಆಶ್ಚರ್ಯ ಇಲ್ಲ.

ಆಗ ಕಾರು ಇರಲಿಲ್ಲ. ಪೆಸಿಫಿಕ್ ಸಾಗರದ ನೀರು ಅತಿಯಾಗಿ ಬಿಸಿಯೇರುವ ಎಲ್ ನಿನೋ ಅನ್ನೋ ಸಹಜ ವಿದ್ಯಮಾನ ಆ ವರ್ಷಗಳಲ್ಲಿ ಬಹಳ ಜೋರಾಗಿತ್ತು. ಭಾರತ ಮಾತ್ರ ಅಲ್ಲ, ಚೀನಾ, ಬ್ರೆಜಿಲ್‌ನಲ್ಲೂ ಮಳೆ ಕೈಕೊಟ್ಟಿತು. ಅಂದ್ರೆ ಬರ ಪ್ರಕೃತಿಯದ್ದೇ. ದೊಡ್ಡಪ್ಪ ಹೇಳಿದ್ದು ಅಷ್ಟರಮಟ್ಟಿಗೆ ಪೂರ್ತಿ ನಿಜ.

ಆದರೆ ಅದರಿಂದ ‘ಈಗಿನ ಬಿಸಿಗೂ ಮನುಷ್ಯ ಕಾರಣ ಅಲ್ಲ’ ಅನ್ನೋ ತೀರ್ಮಾನ ಹುಟ್ಟೋದಿಲ್ಲ. ಸಿಡಿಲು ಬಡಿದು ಹುಲ್ಲಿನ ಬಣವೆ ಉರಿದದ್ದನ್ನು ನಮ್ಮ ಊರವರು ನೋಡಿದ್ದಾರೆ. ಹಾಗಂತ ಮೋಡವೇ ಇಲ್ಲದ ದಿನ ಬಣವೆ ಹತ್ತಿ ಉರಿದರೆ, ಪಕ್ಕದಲ್ಲಿ ಸೀಮೆಎಣ್ಣೆ ಡಬ್ಬ ಬಿದ್ದಿದ್ದರೆ, ‘ಹಿಂದೆಯೂ ಸಿಡಿಲಿಗೆ ಉರಿದಿತ್ತಲ್ಲ’ ಅಂತ ಸುಮ್ಮನಿರ್ತೀವಾ? ಹಿಂದೆ ಯಾವ ಕಾರಣ ಇತ್ತು ಅನ್ನೋದು ಒಂದು ಸಂಗತಿ, ಈಗ ಯಾವ ಕಾರಣ ಇದೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕು.

ಧಾತು ಬರ ಇನ್ನೊಂದು ಮಾತೂ ಹೇಳುತ್ತೆ. ಮಳೆ ಹೋಗಿದ್ದು ಆಕಾಶದಿಂದ. ಅಷ್ಟು ಜನ ಸತ್ತಿದ್ದು ಆಕಾಶದಿಂದ ಮಾತ್ರ ಅಲ್ಲ. ಆಗ ಮೈಸೂರು ಸಂಸ್ಥಾನ ನೇರವಾಗಿ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. ವೈಸರಾಯ್ ಲಿಟ್ಟನ್ ಕಾಲದ ಸರ್ಕಾರ ಧಾನ್ಯದ ಮಾರುಕಟ್ಟೆಗೆ ಕೈ ಹಾಕಲ್ಲ ಅಂತ ಕೂತಿತ್ತು. ಜನ ಸಾಯ್ತಿದ್ದಾಗಲೂ ಭಾರತದಿಂದ ಧಾನ್ಯ ಹಡಗು ಹತ್ತುತ್ತಿತ್ತು. ಖರ್ಚು ಹಿಡಿಯೋಕೆ ಅಂತ ಬಂದ ರಿಚರ್ಡ್ ಟೆಂಪಲ್, ಮದರಾಸು ಪ್ರಾಂತ್ಯದ ಪರಿಹಾರ ಕಾಮಗಾರಿಯ ಕೂಲಿಯನ್ನೇ ಕಡಿತ ಮಾಡಿದ. ಬರ ತಂದಿದ್ದು ಪ್ರಕೃತಿ, ಕ್ಷಾಮ ಮಾಡಿದ್ದು ಆಡಳಿತ. ಈ ಮಾತನ್ನು ನೆನಪಲ್ಲಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಸಾಕ್ಷಿ ಎಲ್ಲಿದೆ?

“800 ವರ್ಷ, 8,000 ವರ್ಷ ಹಿಂದಿನ ಗಾಳಿ ಹೆಂಗಿತ್ತು ಅಂತ ಇವರಿಗೆ ಯಾರು ಹೇಳಿದ್ರು?” ಅಂತ ತಮ್ಮ ಕೇಳಿದ್ದ. ಒಳ್ಳೆ ಪ್ರಶ್ನೆ.

ಕಡಬದಲ್ಲಿ ಸಿಕ್ಕ ತಾಮ್ರಶಾಸನವೊಂದಿದೆ. ರಾಷ್ಟ್ರಕೂಟರ ಮೂರನೇ ಗೋವಿಂದನ ಕಾಲದ್ದು, ಕ್ರಿ.ಶ. 812ರ ಆಸುಪಾಸಿನದು. ಜೈನ ಬಸದಿಗೆ ಊರೊಂದನ್ನು ದಾನ ಕೊಟ್ಟಿದ್ದನ್ನು ಹೇಳುತ್ತೆ. ಆ ದಾನ ನೋಡಿದವರು ಯಾರೂ ಈಗಿಲ್ಲ. ಆದರೂ ಲಿಪಿ, ಲೋಹ, ಹೆಸರುಗಳನ್ನು ಬೇರೆ ಶಾಸನಗಳ ಜೊತೆ ಹೋಲಿಸಿ ವಿದ್ವಾಂಸರು ಓದ್ತಾರೆ.

ಅಂಟಾರ್ಕ್ಟಿಕಾದ ಹಿಮವೂ ಅಂಥದೇ ಒಂದು ಶಾಸನ. ವರ್ಷ ವರ್ಷ ಬೀಳುವ ಹಿಮ ಪದರವಾಗಿ ಗಟ್ಟಿಯಾಗುವಾಗ ಆ ಕಾಲದ ಗಾಳಿ ಸಣ್ಣ ಗುಳ್ಳೆಯಾಗಿ ಒಳಗೇ ಸಿಕ್ಕಿಕೊಳ್ಳುತ್ತೆ. ಕಿಲೋಮೀಟರ್‌ಗಟ್ಟಲೆ ಆಳ ಕೊರೆದು ತೆಗೆದರೆ 8 ಲಕ್ಷ ವರ್ಷಗಳ ಗಾಳಿ ಕೈಗೆ ಸಿಗುತ್ತೆ. ಅಷ್ಟು ಕಾಲದಲ್ಲಿ ಗಾಳಿಯ ಪ್ರತಿ 10 ಲಕ್ಷ ಅಣುಗಳಲ್ಲಿ ಇಂಗಾಲದ ಡೈಆಕ್ಸೈಡ್ ಒಮ್ಮೆಯೂ 300 ದಾಟಿಲ್ಲ. ಕೈಗಾರಿಕೆ ಶುರುವಾಗುವ ಮುಂಚೆ ಸುಮಾರು 280 ಇತ್ತು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯೋಕೆ ಶುರು ಮಾಡಿದಾಗ ಸುಮಾರು 315. ಈಗ 420 ದಾಟಿದೆ.

“420 ಅಂದ್ರೆ ಗಾಳಿಯಲ್ಲಿ ಶೇ 0.04. ಅಷ್ಟರಿಂದ ಏನಾಗುತ್ತೆ?” ಅನ್ನೋದು ಆ ವಿಡಿಯೋದ ಇನ್ನೊಂದು ಬಾಣ. ಒಂದು ಪಾತ್ರೆ ಹಾಲಿಗೆ ಎಷ್ಟು ಹೆಪ್ಪು ಹಾಕ್ತೀರಿ? ಪ್ರಮಾಣ ಕಮ್ಮಿ ಅಂದ ಮಾತ್ರಕ್ಕೆ ಪರಿಣಾಮವೂ ಕಮ್ಮಿ ಇರಬೇಕಿಲ್ಲ. ಈ ಅನಿಲ ಶಾಖ ಹಿಡಿದಿಡುತ್ತೆ ಅನ್ನೋದನ್ನು 1856ರಲ್ಲಿ ಯೂನಿಸ್ ಫೂಟ್ ಅನ್ನೋ ಅಮೆರಿಕದ ಮಹಿಳೆ ಗಾಜಿನ ಕೊಳವೆಗಳನ್ನು ಬಿಸಿಲಿಗಿಟ್ಟು ಸೂಚಿಸಿದ್ದರು. 1859ರಲ್ಲಿ ಜಾನ್ ಟಿಂಡಾಲ್ ಪ್ರಯೋಗಾಲಯದಲ್ಲಿ ಅಳೆದರು. 1896ರಲ್ಲಿ ಸ್ವೀಡನ್‌ನ ಅರೇನಿಯಸ್ ಲೆಕ್ಕ ಹಾಕಿದರು. ಧಾತು ಬರಕ್ಕಿಂತ ಮುಂಚೆಯೇ ಶುರುವಾದ ವಿಜ್ಞಾನ ಇದು. ಯಾವ ವಿದೇಶಿ ನಿಧಿಗಾಗಿಯೂ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ.

ಸರಿ, ಅನಿಲ ಹೆಚ್ಚಿದೆ. ಅದು ನಮ್ಮದೇ ಹೊಗೆ ಅಂತ ಹೇಗೆ ಗೊತ್ತು? ಜ್ವಾಲಾಮುಖಿಯದ್ದು ಯಾಕಿರಬಾರದು?

ಇದಕ್ಕೆ ಬೆರಳಚ್ಚಿನಂಥ ಸಾಕ್ಷಿ ಇದೆ. ಇಂಗಾಲದಲ್ಲಿ ಹಗುರದ್ದು, ತುಸು ಭಾರದ್ದು ಅಂತ ವಿಧಗಳಿವೆ. ಗಿಡಮರಗಳು ಹಗುರ ಇಂಗಾಲವನ್ನೇ ಹೆಚ್ಚು ಹೀರುತ್ತವೆ. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಎಲ್ಲವೂ ಕೋಟ್ಯಂತರ ವರ್ಷ ಹಿಂದಿನ ಸಸ್ಯ ಮತ್ತು ಪಾಚಿ. ಅವನ್ನು ಸುಟ್ಟರೆ ಗಾಳಿಯಲ್ಲಿ ಹಗುರ ಇಂಗಾಲದ ಪಾಲು ಏರಬೇಕು. ಏರಿದೆ. ಅಷ್ಟು ಹಳೆಯ ವಸ್ತುವಿನಲ್ಲಿ ವಿಕಿರಣಶೀಲ ಇಂಗಾಲ-14 ಉಳಿದಿರೋದಿಲ್ಲ, ಹಾಗಾಗಿ ಗಾಳಿಯಲ್ಲಿ ಅದರ ಪಾಲು ತಗ್ಗಬೇಕು. ಅಣುಬಾಂಬ್ ಪರೀಕ್ಷೆಗಳ ಕಾಲ ಬಿಟ್ಟರೆ ಅದೂ ತಗ್ಗುತ್ತಾ ಬಂದಿದೆ. ಸುಡೋಕೆ ಆಮ್ಲಜನಕ ಬೇಕಲ್ಲ, ಅದೂ ಲೆಕ್ಕಕ್ಕೆ ತಕ್ಕಂತೆ ಸಣ್ಣಗೆ ಇಳಿಯುತ್ತಿದೆ. ಜ್ವಾಲಾಮುಖಿಗಳು ವರ್ಷಕ್ಕೆ ಉಗುಳುವ ಇಂಗಾಲದ ಡೈಆಕ್ಸೈಡ್ ಮನುಷ್ಯರು ಉಗುಳುವುದರ ನೂರರಲ್ಲಿ ಒಂದು ಪಾಲೂ ಇಲ್ಲ.

ಸೂರ್ಯನೇ ಜಾಸ್ತಿ ಉರೀತಿರಬಹುದಲ್ಲ? 1978ರಿಂದ ಉಪಗ್ರಹಗಳು ಸೂರ್ಯನ ಶಾಖವನ್ನು ಅಳೆಯುತ್ತಿವೆ. 11 ವರ್ಷಕ್ಕೊಮ್ಮೆ ಏರಿಳಿತ ಇದೆ, ಆದರೆ ಒಟ್ಟಾರೆ ಏರಿಕೆ ಇಲ್ಲ. ಇದಕ್ಕಿಂತ ಚೆಂದದ ಸಾಕ್ಷಿ ಇನ್ನೊಂದಿದೆ. ಚಳಿಗಾಲದಲ್ಲಿ ಕಂಬಳಿ ಹೊದ್ದರೆ ಒಳಗೆ ಬೆಚ್ಚಗಾಗುತ್ತೆ, ಒಳಗಿನ ಶಾಖ ಹೊರಗೆ ಹೋಗೋದು ಕಮ್ಮಿಯಾಗುತ್ತೆ. ಸೂರ್ಯ ಕಾರಣವಾಗಿದ್ದರೆ ವಾತಾವರಣದ ಕೆಳಪದರ, ಮೇಲ್ಪದರ ಎರಡೂ ಬಿಸಿಯಾಗಬೇಕಿತ್ತು. ಕಂಬಳಿ ಕಾರಣವಾಗಿದ್ದರೆ ಕೆಳಗೆ ಬಿಸಿ, ಮೇಲೆ ತಂಪು. ಹೀಗೇ ಆಗುತ್ತೆ ಅಂತ 1967ರಲ್ಲೇ ಸ್ಯುಕುರೋ ಮನಾಬೆ ಮತ್ತು ಸಹೋದ್ಯೋಗಿ ಲೆಕ್ಕ ಹಾಕಿ ಹೇಳಿದ್ದರು. ಆಮೇಲೆ ಅಳೆದು ನೋಡಿದಾಗ ಅದೇ ಕಂಡಿತು. 2021ರಲ್ಲಿ ಮನಾಬೆ ಅವರಿಗೆ ಭೌತವಿಜ್ಞಾನದ ನೊಬೆಲ್ ಬಂತು.

ವಿಜ್ಞಾನಿಗಳೂ ಎಡವಿದ್ದಾರೆ

ನಮ್ಮ ಕಡೆಯವರು ಈ ಭಾಗವನ್ನು ಮುಚ್ಚಿಡೋಕೆ ನೋಡ್ತಾರೆ. ಮುಚ್ಚಿಡೋದು ಬೇಡ.

2007ರ ಐಪಿಸಿಸಿ ವರದಿಯಲ್ಲಿ ಹಿಮಾಲಯದ ಹಿಮನದಿಗಳು 2035ರೊಳಗೆ ಮಾಯವಾಗಬಹುದು ಅಂತ ಒಂದು ಸಾಲಿತ್ತು. 2009ರ ನವೆಂಬರಿನಲ್ಲಿ ಭೂವಿಜ್ಞಾನಿ ವಿ.ಕೆ. ರೈನಾ ಬರೆದ ಚರ್ಚಾ ಪತ್ರವನ್ನು ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಬಿಡುಗಡೆ ಮಾಡಿ ಅದನ್ನು ಪ್ರಶ್ನಿಸಿದರು. ಐಪಿಸಿಸಿ ಅಧ್ಯಕ್ಷರಾಗಿದ್ದ ರಾಜೇಂದ್ರ ಪಚೌರಿ ಅದನ್ನು ಮಾಟಮಂತ್ರದ ವಿಜ್ಞಾನ ಅಂತ ಹೀಗಳೆದರು. ಎರಡೇ ತಿಂಗಳಿಗೆ, 2010ರ ಜನವರಿಯಲ್ಲಿ, ಐಪಿಸಿಸಿ ತನ್ನ ತಪ್ಪು ಒಪ್ಪಿಕೊಂಡಿತು. ಸರಿಯಾದ ಪರಿಶೀಲನೆ ಇಲ್ಲದೆ ಆ ಇಸವಿ ವರದಿಯೊಳಗೆ ನುಸುಳಿತ್ತು.

ಇದರಿಂದ ಹವಾಮಾನ ವಿಜ್ಞಾನ ಸುಳ್ಳಾಯಿತಾ? ಇಲ್ಲ. ಹಿಮನದಿಗಳು ಕರಗುತ್ತಲೇ ಇವೆ. ತಾಪಮಾನ ಏರಿಕೆ 1.5 ಡಿಗ್ರಿಗೆ ನಿಂತರೂ ಈ ಶತಮಾನದ ಕೊನೆಗೆ ಹಿಂದೂಕುಶ್-ಹಿಮಾಲಯದ ಹಿಮದಲ್ಲಿ ಮೂರನೇ ಒಂದು ಭಾಗ ಹೋಗುತ್ತೆ ಅಂತ 2019ರ ಅಧ್ಯಯನ ಹೇಳಿದೆ. ಆದರೆ ಪಾಠ ಒಂದಿದೆ. ಪ್ರಶ್ನೆ ಕೇಳಿದವರನ್ನು ಹೀಗಳೆಯೋದು ಉತ್ತರ ಅಲ್ಲ. ಏರಿ ಮೇಲೆ ನಾನು ಮಾಡಿದ್ದು ಪಚೌರಿ ಮಾಡಿದ್ದನ್ನೇ.

ಐಪಿಸಿಸಿ ಭಾಷೆ ಹೇಗೆ ಬದಲಾಗಿದೆ ನೋಡಿ. 1995ರಲ್ಲಿ, ಮನುಷ್ಯರ ಪ್ರಭಾವ ‘ಗೋಚರಿಸುತ್ತಿದೆ’ ಅಂತ ಅಳೆದೂ ತೂಗಿ ಹೇಳಿತು. 2001ರಲ್ಲಿ ಕನಿಷ್ಠ ಶೇ 66ರಷ್ಟು ಸಂಭವ, 2007ರಲ್ಲಿ ಶೇ 90, 2013ರಲ್ಲಿ ಶೇ 95. 2021ರಲ್ಲಿ ‘ಸಂದೇಹಕ್ಕೆ ಎಡೆಯಿಲ್ಲ’ ಅಂದಿತು. ನಾಟಕ ಮಾಡುವವರು ಮೊದಲ ದಿನವೇ ಖಚಿತವಾಗಿ ಮಾತಾಡ್ತಾರೆ. 26 ವರ್ಷ ಕಾದು ಹೆಜ್ಜೆ ಹೆಜ್ಜೆಯಾಗಿ ಹೇಳೋದಿಲ್ಲ.

ನಿಜಕ್ಕೂ ನಾಟಕ ಆಡಿದವರು ಬೇರೆ. ತೈಲ ಕಂಪನಿ ಎಕ್ಸಾನ್‌ನ ಸ್ವಂತ ವಿಜ್ಞಾನಿಗಳು 1970ರ ದಶಕದ ಕೊನೆಯಿಂದಲೇ ತಾಪಮಾನ ಎಷ್ಟು ಏರುತ್ತೆ ಅಂತ ಲೆಕ್ಕ ಹಾಕಿದ್ದರು. ಆ ಲೆಕ್ಕ ಬಹುಮಟ್ಟಿಗೆ ಸರಿಯಾಗಿತ್ತು ಅಂತ 2023ರಲ್ಲಿ ‘ಸೈನ್ಸ್’ ಪತ್ರಿಕೆಯ ಪ್ರಬಂಧವೊಂದು ತೋರಿಸಿತು. ಒಳಗೆ ಆ ಲೆಕ್ಕ ಇಟ್ಟುಕೊಂಡು ಹೊರಗೆ ಕಂಪನಿ ಅನುಮಾನ ಬಿತ್ತಿತು.

ಭಾರತದ ಲೆಕ್ಕ ಅಷ್ಟು ಸರಳ ಅಲ್ಲ

2014ರ ಶಿಕ್ಷಕರ ದಿನಾಚರಣೆಯಂದು ಮಕ್ಕಳ ಜೊತೆ ಮಾತಾಡುತ್ತಾ ಪ್ರಧಾನಿ ಮೋದಿ, ಬದಲಾಗಿರೋದು ಹವಾಮಾನ ಅಲ್ಲ, ನಾವು ಅನ್ನೋ ಅರ್ಥದ ಮಾತಾಡಿದ್ದರು. ವಯಸ್ಸಾದವರಿಗೆ ಚಳಿ ಜಾಸ್ತಿ ಅನ್ನಿಸುವ ಉದಾಹರಣೆ ಕೊಟ್ಟಿದ್ದರು. ಅದೇ ಪ್ರಧಾನಿ 2021ರಲ್ಲಿ ಗ್ಲಾಸ್ಗೋದಲ್ಲಿ ನಿಂತು, 2070ಕ್ಕೆ ಭಾರತ ತನ್ನ ನಿವ್ವಳ ಹೊರಸೂಸುವಿಕೆಯನ್ನು ಸೊನ್ನೆಗೆ ಇಳಿಸುತ್ತೆ ಅಂತ ಮಾತು ಕೊಟ್ಟರು. ಮಧ್ಯೆ 2020ರಲ್ಲಿ ಅವರದೇ ಸರ್ಕಾರದ ಭೂವಿಜ್ಞಾನ ಸಚಿವಾಲಯ ಒಂದು ವರದಿ ತಂದಿತ್ತು. ಅದು ಯಾವ ವಿದೇಶಿಯರ ವರದಿಯೂ ಅಲ್ಲ, ಪುಣೆಯ ನಮ್ಮದೇ ಸಂಸ್ಥೆಯ ವಿಜ್ಞಾನಿಗಳು ಮಾಡಿದ್ದು.

ಆ ವರದಿ ಪ್ರಕಾರ 1901ರಿಂದ 2018ರವರೆಗೆ ಭಾರತದ ಸರಾಸರಿ ತಾಪಮಾನ ಸುಮಾರು 0.7 ಡಿಗ್ರಿ ಏರಿದೆ. ಜಗತ್ತಿನ ಸರಾಸರಿಗಿಂತ ಇದು ಕಮ್ಮಿ! ವಿಡಿಯೋದವರು ಇದನ್ನು ಹಿಡಿದು ಕುಣಿಯಬಹುದು. ಆದರೆ ಕಾರಣವೂ ಅಲ್ಲೇ ಇದೆ: ನಮ್ಮ ಹೊಗೆ, ದೂಳಿನ ಕಣಗಳು ಬಿಸಿಲಿಗೆ ಒಂದಷ್ಟು ಅಡ್ಡ ನಿಂತಿವೆ. ಅಂದ್ರೆ ಕೆಟ್ಟ ಗಾಳಿ ಉಸಿರಾಡಿ ಸ್ವಲ್ಪ ತಂಪು ಪಡೆದಿದ್ದೀವಿ.

ಮಳೆ ಲೆಕ್ಕವೂ ಹೀಗೇ ತೊಡಕಿನದು. 1951ರಿಂದ 2015ರವರೆಗೆ ಜೂನ್-ಸೆಪ್ಟೆಂಬರ್ ಮುಂಗಾರು ಮಳೆ ಸುಮಾರು ಶೇ 6 ಕಮ್ಮಿಯಾಗಿದೆ. ಗಂಗಾ ಬಯಲು, ಪಶ್ಚಿಮ ಘಟ್ಟಗಳಲ್ಲಿ ಇದು ಎದ್ದು ಕಾಣುತ್ತೆ. ಅದೇ ಅವಧಿಯಲ್ಲಿ ಮಧ್ಯ ಭಾರತದಲ್ಲಿ ದಿನಕ್ಕೆ 150 ಮಿ.ಮೀ. ದಾಟುವ ಭಾರೀ ಮಳೆಯ ಸಂದರ್ಭಗಳು ಸುಮಾರು ಶೇ 75 ಹೆಚ್ಚಿವೆ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ 7 ಹೆಚ್ಚು ನೀರಾವಿ ಹಿಡಿದುಕೊಳ್ಳಬಲ್ಲದು. ಹಾಗಾಗಿ ಸುರಿದಾಗ ಜೋರಾಗಿ ಸುರಿಯುತ್ತೆ.

ಗಮನಿಸಿ, ಅದು ಮಧ್ಯ ಭಾರತದ ಲೆಕ್ಕ. ಅದನ್ನು ಎತ್ತಿ ತಂದು ಗುಬ್ಬಿಗೆ ಅಂಟಿಸೋ ಹಾಗಿಲ್ಲ. ಆದರೆ ಪಶ್ಚಿಮ ಘಟ್ಟದ ಮಾತು ನಮಗೆ ಸಂಬಂಧಿಸಿದ್ದು. ನಮ್ಮ ತೋಟಗಳು ಕಣ್ಣಿಟ್ಟು ಕಾಯೋ ಹೇಮಾವತಿ ಹುಟ್ಟೋದು ಚಿಕ್ಕಮಗಳೂರಿನ ಬಲ್ಲಾಳರಾಯನದುರ್ಗದ ಹತ್ತಿರ, ಘಟ್ಟದಲ್ಲಿ.

ನಮ್ಮ ಕೆರೆಗೆ ಬರೋಣ

ಈಗ ಎರಡನೇ ಪ್ರಶ್ನೆ. 2021, 2022ರಲ್ಲಿ ತುಮಕೂರು ಜಿಲ್ಲೆಯ ಕೆರೆಗಳು ಒಂದರ ಹಿಂದೊಂದು ಕೋಡಿ ಬಿದ್ದವು. ಜನ ಬಾಗಿನ ಬಿಟ್ಟರು. ಮರುವರ್ಷವೇ ಬರ. 2023ರ ಆಗಸ್ಟ್, ದೇಶಕ್ಕೆ 1901ರಿಂದ ಈಚೆಗೆ ಅತಿ ಒಣ ಆಗಸ್ಟ್. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಅದೂ ಎಲ್ ನಿನೋ ವರ್ಷವೇ, ಧಾತು ಬರದ ಹಾಗೆ. ಹಾಗಾಗಿ ಆ ಬರ ಪೂರ್ತಿ ಪೆಟ್ರೋಲಿನಿಂದ ಬಂತು ಅಂತ ನಾನು ಏರಿ ಮೇಲೆ ಹೇಳಿದ್ದು ತಪ್ಪು. ಸಹಜ ಏರಿಳಿತದ ಕೆಳಗೆ, ಬಿಸಿಯಾದ ನೆಲ, ಬೇಗ ಆವಿಯಾಗುವ ನೀರು ಸೇರಿಕೊಂಡಿವೆ ಅಂದಿದ್ದರೆ ಸರಿಯಾಗ್ತಿತ್ತು.

ಒಂದು ಘಟನೆಯಲ್ಲಿ ಬಿಸಿಯಾದ ಭೂಮಿಯ ಪಾಲೆಷ್ಟು ಅಂತ ಲೆಕ್ಕ ಹಾಕೋ ವಿಧಾನವೂ ಈಗ ಇದೆ. ಮನುಷ್ಯರ ಹೊಗೆ ಇಲ್ಲದ ಭೂಮಿ, ಇರುವ ಭೂಮಿ ಎರಡನ್ನೂ ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ಓಡಿಸಿ ಹೋಲಿಸ್ತಾರೆ. 2024ರ ಜುಲೈ 30ರ ವಯನಾಡ್ ಭೂಕುಸಿತಕ್ಕೆ ಕಾರಣವಾದ ಮಳೆಯನ್ನು ಹೀಗೆ ಲೆಕ್ಕ ಹಾಕಿದಾಗ, ಹವಾಮಾನ ಬದಲಾವಣೆಯಿಂದ ಅದು ಸುಮಾರು ಶೇ 10 ಹೆಚ್ಚು ಜೋರಾಗಿತ್ತು ಅಂತ ಬಂತು. ಶೇ 100 ಅಲ್ಲ, ಸೊನ್ನೆಯೂ ಅಲ್ಲ. ಉಳಿದದ್ದರಲ್ಲಿ ಗುಡ್ಡ ಹೇಗಿತ್ತು, ಭೂಮಿಯ ಬಳಕೆ ಹೇಗೆ ಬದಲಾಗಿತ್ತು, ಎಚ್ಚರಿಕೆ ಯಾವಾಗ ತಲುಪಿತು ಅನ್ನೋದೆಲ್ಲ ಬರುತ್ತೆ.

ನಮ್ಮ ಕೆರೆಗೂ ಅದೇ ಥರ ಕೇಳಬೇಕು. ನೀರು ಬರುವ ಹಳ್ಳ, ರಾಜಕಾಲುವೆಗಳನ್ನು ಒತ್ತಿದವರು ಯಾರು? ಹೊಳೆ ಮರಳು ಬಗೆದವರು ಯಾರು? ನಮ್ಮ ಅಡಿಕೆ ತೋಟದ ಮೊದಲ ಬೋರಿಗೆ 180 ಅಡಿಗೆ ನೀರು ಸಿಕ್ಕಿತ್ತಂತೆ, ಕೊನೆಯದಕ್ಕೆ 900 ಅಡಿ ಕೊರೆಸಿದ್ವಿ. ಅದಕ್ಕೆ ಅಮೆರಿಕದ ಹೊಗೆ ಕಾರಣ ಅನ್ನೋಕಾಗಲ್ಲ. ರಾಗಿ ಹೊಲ ಅಡಿಕೆ ತೋಟವಾಗಿದ್ದು ನಮ್ಮ ಮನೆಯಲ್ಲೇ.

ಹೇಮಾವತಿ ಜಗಳ ನೋಡಿ. ಗುಬ್ಬಿ ತಾಲ್ಲೂಕಿನಿಂದ ಕುಣಿಗಲ್, ಮಾಗಡಿ ಕಡೆಗೆ ನೀರು ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆ ವಿರುದ್ಧ 2025ರ ಮೇ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಸಾವಿರಾರು ರೈತರು ಬೀದಿಗಿಳಿದರು. ನಿಷೇಧಾಜ್ಞೆ ಬಂತು. ನಮ್ಮ ಕಡೆಯವರ ಭಯ ಸುಳ್ಳಲ್ಲ: ಮೇಲಿಂದ ಪೈಪಿನಲ್ಲಿ ನೀರು ಹೋದರೆ ನಮ್ಮ ಕೆರೆಗಳ ಗತಿ ಏನು? ಕುಣಿಗಲ್ಲಿನವರ ಮಾತಿನಲ್ಲೂ ನ್ಯಾಯ ಇದೆ: ಕಾಲುವೆಯ ಕೊನೆಯಲ್ಲಿರೋ ತಮಗೆ ಪಾಲಿನ ನೀರು ತಲುಪಿಯೇ ಇಲ್ಲ ಅಂತಾರೆ. ಈ ಜಗಳದಲ್ಲಿ ಎರಡೂ ಕಡೆಯ ಮುಖಂಡರು ಕೇಳದೇ ಬಿಟ್ಟ ಪ್ರಶ್ನೆ ಒಂದಿದೆ. ಘಟ್ಟದ ಮಳೆಯೇ ಅಸ್ಥಿರವಾದರೆ ಹಳೇ ಮಳೆ ನಂಬಿ ಮಾಡಿದ ಹಂಚಿಕೆ ಎಷ್ಟು ವರ್ಷ ನಡೆಯುತ್ತೆ? ಮೊದಲ ಪ್ರಶ್ನೆಗೆ ಕಣ್ಣು ಮುಚ್ಚಿದರೆ ಎರಡನೆಯದನ್ನು ಸರಿಯಾಗಿ ಕೇಳೋಕೂ ಆಗಲ್ಲ.

ಹಣದ ಲೆಕ್ಕವೂ ಇದೇ. 2023ರ ಬರಕ್ಕೆ ರಾಜ್ಯ ಕೇಳಿದ್ದು ಸುಮಾರು 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ 2024ರ ಏಪ್ರಿಲಿನಲ್ಲಿ ಕೇಂದ್ರ ಕೊಟ್ಟಿದ್ದು ಸುಮಾರು 3,454 ಕೋಟಿ. ಅದೇ ವರ್ಷ ಮಾರ್ಚ್ 21ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯೋದು ನಾಗರಿಕರ ಹಕ್ಕು ಅಂದಿತ್ತು. ಹಕ್ಕು ಕಾಗದದಲ್ಲಿದೆ. ಬರ ಬಂದಾಗ ಅದನ್ನು ಯಾರ ಮುಂದೆ ಹಿಡಿದು ಕೇಳಬೇಕು ಅನ್ನೋದು ನಮಗೆ ಗೊತ್ತಿರಬೇಕು. ‘ಹವಾಮಾನ ಬದಲಾವಣೆ’ ಅನ್ನೋದು ಜವಾಬ್ದಾರಿ ಕೇಳೋಕೆ ಶುರು ಮಾಡೋ ಮಾತಾಗಬೇಕು. ಅದು ಜವಾಬ್ದಾರಿ ಮುಗಿಸೋ ಮಾತಾಗಬಾರದು.

‘ಅವರು ಮಾಡಿದ್ದಕ್ಕೆ ನಾವ್ಯಾಕೆ?’

ತಮ್ಮನ ವಿಡಿಯೋದಲ್ಲಿ ಒಂದು ಕಾಳು ನಿಜ ಇತ್ತು. ಇದುವರೆಗೆ ಸುಟ್ಟ ಇಂಧನದ ಹೊಗೆಯಲ್ಲಿ ಅಮೆರಿಕವೊಂದರದೇ ಸುಮಾರು ಕಾಲು ಪಾಲು. ಭಾರತದ್ದು ಶೇ 4ರ ಒಳಗೆ. ಇವತ್ತಿಗೂ ಒಬ್ಬ ಭಾರತೀಯನ ಪಾಲು ವರ್ಷಕ್ಕೆ ಸುಮಾರು 2 ಟನ್, ಒಬ್ಬ ಅಮೆರಿಕನ್ನನದು ಸುಮಾರು 14. ಇದು ಅನ್ಯಾಯ. ಆದರೆ ಅನ್ಯಾಯ ಇದೆ ಅನ್ನಬೇಕಾದರೆ ಮೊದಲು ಬಿಸಿ ಇದೆ, ಅದು ಹೊಗೆಯಿಂದ ಬಂತು ಅಂತ ಒಪ್ಪಬೇಕು. ‘ಎಲ್ಲ ಸುಳ್ಳು’ ಅಂದವರಿಗೆ ಶ್ರೀಮಂತ ದೇಶಗಳ ಹತ್ತಿರ ಪರಿಹಾರ ಕೇಳೋ ಬಾಯೇ ಇರಲ್ಲ. ಆ ವಿಡಿಯೋ ದೇಶಭಕ್ತಿಯ ಹೆಸರಲ್ಲಿ ದೇಶದ ದಾವೆಯನ್ನೇ ಕೆಡಿಸ್ತಿದೆ.

ಪರಿಹಾರದ ಹೆಸರಲ್ಲಿ ಮಾಡಿದ್ದನ್ನೂ ಪ್ರಶ್ನಿಸಬೇಕು. ನಮ್ಮದೇ ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಇದೆ. ಜಮೀನು ಕಿತ್ತುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಪಡೆದಿದ್ದು ಒಳ್ಳೆಯ ದಾರಿ. ಆದರೆ ಜಮೀನಿದ್ದವರಿಗೆ ಬಾಡಿಗೆ ಬಂತು. ಆ ಹೊಲಗಳಲ್ಲಿ ಕೂಲಿ ಮಾಡ್ತಿದ್ದವರಿಗೆ? ವಿಜ್ಞಾನ ಒಪ್ಪಿದ ಮೇಲೂ ರಾಜಕೀಯ ಮುಗಿಯಲ್ಲ. ಅಲ್ಲಿಂದಲೇ ಶುರು.

ಅಟ್ಟದ ಮೇಲಿನ ಕ್ಯಾಲೆಂಡರುಗಳು

ಮರುದಿನ ಬೆಳಗ್ಗೆ ದೊಡ್ಡಪ್ಪ ಅಟ್ಟದ ಮೇಲಿಂದ ಒಂದು ಕಟ್ಟು ಇಳಿಸಿದರು. ಹಳೇ ಗೋಡೆ ಕ್ಯಾಲೆಂಡರುಗಳು. ಮಳೆ ಬಂದ ದಿನಕ್ಕೆಲ್ಲ ಪೆನ್ಸಿಲ್ ಗುರುತು; ಜೋರು ಮಳೆಗೆ ಎರಡು ಗೀಟು, ತುಂತುರಿಗೆ ಒಂದು ಚುಕ್ಕೆ. “ನೋಡ್ಲಾ, ನಿನ್ ಕಂಪ್ಯೂಟರ್ ಏನೇಳ್ತದೋ, ಇದೇನೇಳ್ತದೆ ನೋಡು” ಅಂದರು.

ಮೂವರೂ ಕೂತು ಎಣಿಸಿದ್ವಿ. ನನಗೆ ಬೇಕಾದ ಹಾಗೆ ‘ಮಳೆ ದಿನ ಕಮ್ಮಿ, ಜೋರು ಮಳೆ ಜಾಸ್ತಿ’ ಅಂತ ಬರಲಿ ಅಂತ ಒಳಗೊಳಗೇ ಆಸೆ. ಬರಲಿಲ್ಲ. ಕೆಲವು ವರ್ಷ ಹಾಗಿತ್ತು, ಕೆಲವು ವರ್ಷ ಉಲ್ಟಾ. ನಡುವೆ ನಾಲ್ಕೈದು ವರ್ಷದ ಕ್ಯಾಲೆಂಡರು ಇಲಿ ತಿಂದಿತ್ತು. ಒಂದು ಮನೆಯ ಗೋಡೆಯಿಂದ ಭೂಮಿಯ ಜಾತಕ ಹೇಳೋಕಾಗಲ್ಲ. ನನ್ನ ಪರವಾಗಿಯೂ ಇಲ್ಲ, ತಮ್ಮನ ಪರವಾಗಿಯೂ ಇಲ್ಲ. ಅದಕ್ಕೇ ಜಗತ್ತಿನ ಸಾವಿರಾರು ಕಡೆ, ನೂರಾರು ವರ್ಷ ಅಳೆದ ಲೆಕ್ಕ ಬೇಕಾಗಿರೋದು.

ಆದರೆ ಎರಡನೇ ಪ್ರಶ್ನೆಗೆ ಈ ಕ್ಯಾಲೆಂಡರುಗಳು ಬೆಲೆಬಾಳುತ್ತವೆ. 1988ರಲ್ಲಿ ಬರ ನಿಗಾ ಕೋಶವಾಗಿ ಶುರುವಾದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇವತ್ತು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆಯುತ್ತೆ. ಕೆರೆ ತುಂಬುವಷ್ಟು ಮಳೆ ಬಂದ ವರ್ಷವೂ ಕೆರೆ ತುಂಬದಿದ್ದರೆ ಕಾರಣ ಆಕಾಶದಲ್ಲಿಲ್ಲ, ನೆಲದ ಮೇಲಿದೆ. ಆಗ ಕೇಳಬೇಕಾದ್ದು ತಹಶೀಲ್ದಾರರನ್ನು, ಪಂಚಾಯಿತಿಯನ್ನು, ಒತ್ತುವರಿ ಮಾಡಿದ ನಮ್ಮ ನೆಂಟರನ್ನು. ಮಳೆಯೇ ಬರದ ವರ್ಷ ಕೇಳಬೇಕಾದ್ದು ಬೆಂಗಳೂರು, ದೆಹಲಿಯವರನ್ನು: ಬರುತ್ತೆ ಅಂತ ಗೊತ್ತಿದ್ದೂ ಏನು ತಯಾರಿ ಮಾಡಿದ್ರಿ?

ಧಾತು ಬರದಾಗ ಹಾಗೆ ಕೇಳೋಕೆ ನಮ್ಮ ಹಿರಿಯರಿಗೆ ಓಟೂ ಇರಲಿಲ್ಲ, ಲೆಕ್ಕವೂ ಇರಲಿಲ್ಲ. ನಮಗೆ ಎರಡೂ ಇದೆ.

ತಮ್ಮ ಈಗ ನಮ್ಮ ಹೋಬಳಿಯ ಮಳೆ ಲೆಕ್ಕ ಕೇಳಿ ಅರ್ಜಿ ಹಾಕಿದ್ದಾನೆ. ಆ ವಿಡಿಯೋ ಸುಳ್ಳು ಅಂತ ಇನ್ನೂ ಪೂರ್ತಿ ಒಪ್ಪಿಲ್ಲ. ಒಪ್ಪಬೇಕಾಗೂ ಇಲ್ಲ, ಅವನು ಲೆಕ್ಕ ನೋಡಲಿ. ಧಾತು ಬರದಾಗ ಕಾರು ಇರಲಿಲ್ಲ, ನೀವು ಹೇಳಿದ್ದು ಸರಿ ಅಂತ ದೊಡ್ಡಪ್ಪನಿಗೆ ಫೋನಲ್ಲಿ ಹೇಳಿದೆ. “ಅಂಗಾದ್ರೆ ಗೆದ್ದೋನು ನಾನೇ” ಅಂದರು. ಆಮೇಲೆ ಸ್ವಲ್ಪ ತಡೆದು, “ಈ ಸಲ ಕ್ಯಾಲೆಂಡರ್‌ಗೆ ಬಿಸಿಲೂ ಗುರುತು ಹಾಕ್ಲೇನ್ಲಾ?” ಅಂತ ಕೇಳಿದರು.

ಹಾಕಿ ದೊಡ್ಡಪ್ಪ ಅಂದೆ.